ಲೇಡಿ ಎಂದರೆ ಹಿಟ್ಟು ನಾದುವವಳು

ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದವಳು ನಾನು. ಆ ಭಾಷೆಯ ವಿಷಯದಲ್ಲಿ ನನಗೆ ಒಂದಿಷ್ಟು ಜಂಬವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಗೆ ಯಾವ ಫಾರಂ ಬಂದರೂ ತುಂಬುವವಳು ನಾನೇ. ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಡುತ್ತಾರೆ, ಅಲ್ಲಿಗೆ ಅವರ ಸೇವೆ ಮುಗಿಯಿತು. ಹಾಗಾಗಿ ಹೋದ ವರ್ಷ ಮಾಘ ಮಾಸದಲ್ಲಿ ಅತ್ತೆಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿದಾಗ, ಜೆ.ಪಿ. ನಗರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೊಟ್ಟ ಎರಡು ಪುಟದ ಫಾರಂ ತುಂಬಿದವಳೂ ನಾನೇ. ವಯಸ್ಸು, ವಿಳಾಸ, ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆ, ಎಲ್ಲವನ್ನೂ ಮುದ್ದಾದ ಅಕ್ಷರದಲ್ಲಿ ಬರೆದೆ. ಉದ್ಯೋಗ ಎಂದಿದ್ದ ಕಡೆ 'ನಿಲ್' ಎಂದು ಬರೆದೆ.

ಥೆರಪಿಸ್ಟ್ ಕೋಲಾರದ ಕಡೆಯ ಹುಡುಗಿ, ಮದುವೆಯಾಗಿ ಒಂದು ಮಗುವಿದ್ದರೂ ನನ್ನ ಕಣ್ಣಿಗೆ ವಿದ್ಯಾರ್ಥಿನಿಯಂತೆಯೇ ಕಂಡಳು. ಫಾರಂ ಓದಿ ಬಾಯಲ್ಲೂ ಒಮ್ಮೆ ಕೇಳಿದಳು.

"ಅಜ್ಜಿ ಮನೇಲಿ ಏನ್ ಕೆಲ್ಸ ಮಾಡ್ತಾರೆ ಮೇಡಂ?"

ಅತ್ತೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವರ ಪರವಾಗಿ ನಾನೇ ಉತ್ತರ ಕೊಟ್ಟೆ.

"ಏನೂ ಇಲ್ಲಮ್ಮ. ನಾವು ಅವರ ಕೈಲಿ ಒಂದ್ ಕಡ್ಡಿ ಎತ್ತಿಸಲ್ಲ."

ಇದನ್ನು ನಾನು ಹೆಮ್ಮೆಯಿಂದಲೇ ಹೇಳಿದ್ದು. ಅತ್ತೆಗೆ ಕೆಲಸ ಹಚ್ಚಿದ್ದೇನೆ ಎಂದು ಹೊರಗಿನವರ ಮುಂದೆ ಯಾವ ಸೊಸೆ ಒಪ್ಪಿಕೊಳ್ಳುತ್ತಾಳೆ? ಅತ್ತೆ ಕೂತಲ್ಲೇ ಊಟ ಮಾಡುತ್ತಾರೆ ಎಂಬುದು ಮನೆಯ ಮರ್ಯಾದೆಯ ಮಾತು. ಆ ಮರ್ಯಾದೆಗಾಗಿ ನಾನು ಹೇಳಿದ್ದು ಶುದ್ಧ ಸುಳ್ಳು.

ನಿಜ ಹೇಳಬೇಕೆಂದರೆ ಅತ್ತೆ ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ಮೇಲೆ, ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಬೆಳಗಿನ ಕೆಲಸ ಶುರುವಾಗುತ್ತಿದ್ದದ್ದು ಅವರ ಅಂಗೈಯಿಂದ. ಅವರು ವಿಜಯಪುರದ ಕಡೆಯವರು. ನಾನು ನಂಜನಗೂಡಿನ ಕಡೆಯವಳು, ರಾಗಿ ಮುದ್ದೆಯ ಮನೆತನ. ಜೋಳದ ರೊಟ್ಟಿ ಇಲ್ಲದೆ ಅವರ ಮಗನಿಗೆ ಊಟವೇ ಊಟವಲ್ಲ. ಜೋಳದ ಹಿಟ್ಟಿಗೆ ಗೋದಿಯಂತೆ ಜಿಗುಟಿಲ್ಲ. ಕುದಿಯುವ ನೀರು ಹಾಕಿ ಕಲಸಿ, ಒಂದೊಂದು ಉಂಡೆಯನ್ನೂ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರಷ್ಟೇ ಅದು ಮಾತು ಕೇಳುತ್ತದೆ. ಆಮೇಲೆ ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಅದನ್ನು ಕೈಯಿಂದ ಬಡಿಯುತ್ತ, ತಿರುಗಿಸುತ್ತ, ಬಡಿಯುತ್ತ ಅಗಲ ಮಾಡಬೇಕು. ಅಲ್ಲಿ ಲಟ್ಟಣಿಗೆಗೆ ಕೆಲಸವಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಊರಿಗೆ ಹೋದಾಗ ನಾನು ಎರಡು ಸಲ ಪ್ರಯತ್ನಿಸಿ, ಹಿಟ್ಟೇ ಸರಿಯಿಲ್ಲ ಎಂದು ದೂರಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ನೀವು ಮೈಸೂರು ಕಡೇವ್ರು ನುಂಗೋ ಮಂದಿ. ಅಗಿಯೋರ ಸುದ್ದಿ ನಿಮಗೇನ್ ಗೊತ್ತ?" ಎಂದು ಅತ್ತೆ ನಕ್ಕು, ಅಂದಿನಿಂದ ನನ್ನನ್ನು ಹಲಗೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಾನೂ ಹೋಗಲಿಲ್ಲ. ಅವರು ರೊಟ್ಟಿ ಬಡಿಯುವ ಸದ್ದಿಗೆ ನಾನು ಎದ್ದು, ಸ್ನಾನ ಮಾಡಿ, ಡಬ್ಬಿ ತೆಗೆದುಕೊಂಡು ಜಯನಗರದ ಬಸ್ಸು ಹತ್ತುತ್ತಿದ್ದೆ. ಹನ್ನೊಂದು ವರ್ಷದ ಆ ಕೆಲಸವನ್ನು ಫಾರಂನಲ್ಲಿ ನಾನು ಮೂರಕ್ಷರ ಇಂಗ್ಲಿಷಿನಲ್ಲಿ ಮುಗಿಸಿದ್ದೆ.

ಕ್ಲಿನಿಕ್ಕಿನ ಹುಡುಗಿ ಒಳ್ಳೆಯ ಕೆಲಸಗಾರ್ತಿ. ಮೊದಲು ಭುಜ, ಆಮೇಲೆ ಮೊಣಕೈ, ಕೊನೆಗೆ ಬೆರಳುಗಳು. ವಾರಕ್ಕೆ ಮೂರು ದಿನ ಆಟೋದಲ್ಲಿ ಹೋಗಿ ಬರುತ್ತಿದ್ದೆವು. ನಾಲ್ಕು ತಿಂಗಳಲ್ಲಿ ಅತ್ತೆ ಚಮಚ ಹಿಡಿದರು, ಲೋಟ ಎತ್ತಿದರು, ಕುಪ್ಪಸದ ಗುಂಡಿ ಹಾಕಿಕೊಂಡರು. ಜ್ಯೇಷ್ಠ ಮಾಸದ ಒಂದು ಬೆಳಿಗ್ಗೆ ಹುಡುಗಿ ಖುಷಿಯಿಂದ ಹೇಳಿದಳು.

"ಸಾಕು ಮೇಡಂ. ಕೂತು ಊಟ ಮಾಡೋರಿಗೆ ಇಷ್ಟು ಬಂದ್ರೆ ಸಖತ್ತಾಯ್ತು. ಇನ್ನು ಬರೋದು ಬೇಡ."

ನಾನು ಕೈಮುಗಿದೆ. ಅತ್ತೆ ಮುಗಿಯಲಿಲ್ಲ. ವಾಪಸು ಬರುವಾಗ ಆಟೋದಲ್ಲಿ, ಸಾರಕ್ಕಿ ದಾಟಿದ ಮೇಲೆ, ಹೊರಗೆ ನೋಡುತ್ತಲೇ ಮಾತು ತೆಗೆದರು.

"ಪಂಚಮಿಗೆ ನನ್ನ ಮಗಳು ಬರ್ತಾಳಲ್ಲ. ಆಕಿ ಜೋಡಿ ನಾ ಹೋಗಿಬಿಡ್ತೇನಿ."

"ಎಷ್ಟ್ ದಿನಕ್ಕೆ?"

"ಹೋಗ್ತೇನಿ ಅಂದೆ. ಬರ್ತೇನಿ ಅನ್ನಲಿಲ್ಲ."

ಮಗಳ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಅನ್ನ ತಿನ್ನಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಹೆಂಗಸು ಇವರು. ಅದನ್ನೇ ನೆನಪಿಸಿದೆ.

"ಕುಂತು ಉಂಡ್ರ ಕುಡಕಿ ಹೊನ್ನೂ ಸಾಲೂದಿಲ್ಲ ಯವ್ವಾ. ಮಗಳ ಮುಂದ ಸುಮ್ನ ಕುಂತ್ರ ನಾಚಿಕಿ ಇಲ್ಲ. ಸೊಸಿ ಮುಂದ ಐತಿ" ಎಂದರು. ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಬಸ್ಸಿನ ಟೈಮು ಹೇಳಿದಷ್ಟು ಸಮಾಧಾನವಾಗಿ ಹೇಳಿದರು. ಮನೆಗೆ ಬಂದು ಯಜಮಾನರಿಗೆ ತಿಳಿಸಿದೆ. ಅವರು "ಅವ್ವ ಹಂಗ ಅಂತಾಳ, ಬಿಡು" ಎಂದು ಪೇಪರ್ ಮಡಿಸಿಟ್ಟು ಇಡೀ ಸಂಜೆ ಬಾಲ್ಕನಿಯಲ್ಲಿ ನಿಂತರು. ಪಂಚಮಿಗೆ ಎರಡು ತಿಂಗಳೂ ಇರಲಿಲ್ಲ.

ಅದೇ ವಾರ ಕಾಲೇಜು ಶುರುವಾಗಿತ್ತು. ಹೊಸ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಲೇಡೀಸ್ ಫಸ್ಟ್ ಅಂತೀವಿ, ವುಮೆನ್ ಫಸ್ಟ್ ಅಂತ ಯಾಕನ್ನಲ್ಲ?" ಎಂದು ಕೇಳಿದಳು. ಇಂಥದ್ದಕ್ಕೆಲ್ಲ ನನ್ನಲ್ಲಿ ಸಿದ್ಧ ಉತ್ತರವಿದೆ. ಲೇಡಿ ಎಂದರೆ ಮೊದಲು ಲಾರ್ಡನ ಹೆಂಡತಿ, ದೊಡ್ಡ ಮನೆತನದವಳು. ಆಮೇಲೆ ನಯನಾಜೂಕಿನ ಹೆಂಗಸು. ಕೊನೆಗೆ ಮರ್ಯಾದೆಗಾಗಿ ಯಾವ ಹೆಂಗಸಿಗೂ. ನಮ್ಮ ಊರಿಗೆ ಬರುವಷ್ಟರಲ್ಲಿ ಅದು ಲೇಡೀಸ್ ಟೈಲರ್, ಲೇಡೀಸ್ ಸೀಟ್, ಲೇಡಿ ಡಾಕ್ಟರ್ ಆಯಿತು, ಬೆಂಡೆಕಾಯಿಗೂ ಅಂಟಿಕೊಂಡಿತು. ಮಕ್ಕಳು ನಕ್ಕರು. ಆದರೆ ಆ ಹುಡುಗಿ ನಗದೆ, "ಅದಕ್ಕೂ ಮೊದಲು ಏನಿತ್ತು ಮೇಡಂ?" ಎಂದಳು. ಗೊತ್ತಿಲ್ಲ ಎನ್ನಲು ನನ್ನ ಜಂಬ ಬಿಡಲಿಲ್ಲ. ನಾಳೆ ಹೇಳ್ತೀನಿ ಕೂತ್ಕೋ ಎಂದೆ.

ಮಧ್ಯಾಹ್ನದ ಊಟವಾದ ಮೇಲೆ ಲೈಬ್ರರಿಗೆ ಹೋಗಿ, ಎರಡು ಕೈಯಿಂದ ಎತ್ತಬೇಕಾದ ಹಳೆಯ ನಿಘಂಟನ್ನು ಇಳಿಸಿ ತೆರೆದೆ. ಪದಗಳ ಮೂಲ ಹೇಳುವ ಸಾಲುಗಳನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಕನ್ನಡಕ ಹಣೆಗೇರಿಸಿ, ಪುಟಕ್ಕೆ ಮೂಗು ತಾಗಿಸಿ ಓದಿದೆ. ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಅದು ಎರಡು ಪದ ಕೂಡಿ ಆದದ್ದಂತೆ. ಮೊದಲ ಪದ ಹ್ಲಾಫ್, ಇವತ್ತು ನಾವು ಬೇಕರಿಯಲ್ಲಿ ಕೇಳುವ ಬ್ರೆಡ್ಡಿನ ಲೋಫ್. ಎರಡನೆಯದರ ಅರ್ಥ, ನಾದುವವಳು. ಲೇಡಿ ಎಂದರೆ ರೊಟ್ಟಿಗೆ ಹಿಟ್ಟು ನಾದುವವಳು.

ಮತ್ತೊಮ್ಮೆ ಓದಿದೆ. ಕಿರೀಟ, ಒಡವೆ, ರೇಷ್ಮೆ ನಿಲುವಂಗಿ ಯಾವುದೂ ಅಲ್ಲಿರಲಿಲ್ಲ. ಹಿಟ್ಟು, ನೀರು, ಒಂದು ಜೊತೆ ಕೈ ಇದ್ದವು. ಮನೆಯಲ್ಲಿ ಯಾರು ಹಿಟ್ಟು ನಾದುತ್ತಾಳೋ ಅವಳೇ ಆ ಮನೆಯ ಒಡತಿ, ಅವಳಿಗೇ ಆ ಹೆಸರು. ಲಾರ್ಡ್ ಎಂಬವನ ಮೂಲವನ್ನೂ ನೋಡಿದೆ: ಆ ರೊಟ್ಟಿಯನ್ನು ಕಾಯುವವನು. ನಮ್ಮ ಯಜಮಾನರು ತಟ್ಟೆ ಮುಂದಿಟ್ಟುಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿರುವುದು ನೆನಪಾಗಿ, ಸರಿಯಾಗೇ ಇದೆ ಎಂದುಕೊಂಡೆ.

ಅಲ್ಲಿಗೆ ಮುಗಿಯಲಿಲ್ಲ. ನಾದು ಎಂಬ ಆ ಭಾಗದ ಬೇರು ಇನ್ನೂ ಕೆಳಗಿದೆ ಎಂದು ಆ ಪುಸ್ತಕ ಬೆರಳು ತೋರಿಸಿತು. ಮಣ್ಣನ್ನೋ ಹಿಟ್ಟನ್ನೋ ಮೆತ್ತಿ, ಒತ್ತಿ, ರೂಪ ಕೊಡು ಎಂಬ ಅರ್ಥದ ಒಂದು ಧಾತು, ಬರವಣಿಗೆ ಹುಟ್ಟುವುದಕ್ಕೂ ಹಿಂದಿನದು ಎಂದು ವಿದ್ವಾಂಸರು ಊಹಿಸಿರುವಂಥದ್ದು. ಅದೇ ಬೇರಿನಿಂದ ಸಂಸ್ಕೃತಕ್ಕೆ ಬಂದ ಒಂದು ಪದವನ್ನು ಅಲ್ಲಿ ಕೊಟ್ಟಿದ್ದರು. ದೇಹ.

ದೇಹ ದೇಹ ಎಂದು ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ. ದೇಹಾಲಸ್ಯ, ದೇಹಸ್ಥಿತಿ, ದೇಹ ದಂಡಿಸು. ಅದೂ ಯಾರೋ ನಾದಿ ಮಾಡಿದ್ದು. ನಾದಿದ ಹಿಟ್ಟಿಗೆ ಇಂಗ್ಲಿಷಿನವರು ಅನ್ನುವ ಡೋ ಯಾವ ಮಾತಿನಿಂದ ಬಂತೋ ನಮ್ಮ ದೇಹವೂ ಅದರಿಂದಲೇ ಬಂತು. ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ಚಿಕ್ಕಲಸಂದ್ರ! ಇಪ್ಪತ್ತೆಂಟು ವರ್ಷ ಬಾಯಲ್ಲಿ ಆಡಿದ ಪದದೊಳಗೆ ಒಬ್ಬ ಹೆಂಗಸು ತೋಳು ಮಡಚಿಕೊಂಡು ನಾದುತ್ತ ಕೂತಿದ್ದಾಳೆ, ನಾನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ನನ್ನ ಮನೆಯಲ್ಲಿ ಕೂತಿದ್ದವಳನ್ನೂ ನೋಡಿರಲಿಲ್ಲ. ಬೆರಗು ಎಷ್ಟಾಯಿತೋ ನಾಚಿಕೆಯೂ ಅಷ್ಟೇ ಆಯಿತು. ಕೊನೆಯ ಪೀರಿಯಡ್ ಬಿಟ್ಟು ಆಟೋ ಹಿಡಿದು ನೇರವಾಗಿ ಕ್ಲಿನಿಕ್ಕಿಗೆ ಹೋದೆ.

"ಆ ಫಾರಂ ಕೊಡಮ್ಮ, ತಪ್ಪು ಬರ್ದಿದ್ದೀನಿ" ಎಂದೆ. ಹುಡುಗಿ ಗಾಬರಿಯಾಗಿ ಫೈಲು ತೆಗೆದಳು. 'ನಿಲ್' ಹೊಡೆದು ಹಾಕಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದೆ: ಜೋಳದ ರೊಟ್ಟಿ ಮಾಡುವುದು, ದಿನಕ್ಕೆ ಹದಿನಾರು, ಐವತ್ತೈದು ವರ್ಷದಿಂದ.

ಅವಳು ಅದನ್ನು ಓದಿ ಹಣೆ ಚಚ್ಚಿಕೊಂಡಳು.

"ಮೇಡಂ, ಇದನ್ನ ಮೊದ್ಲೇ ಹೇಳ್ಬಾರ್ದಾ? ನಾನು ಬೆರಳಿಗೇ ಎಲ್ಲ ಎಕ್ಸರ್‌ಸೈಜ್ ಕೊಟ್ಬಿಟ್ಟೆ. ಚಮಚ, ಗುಂಡಿ, ಬಾಚಣಿಗೆ. ನಾದೋಕೆ ಅಂಗೈ ಬುಡ ಬೇಕು, ಮಣಿಕಟ್ಟು ಬೇಕು, ಭುಜದಿಂದ ಭಾರ ಇಳೀಬೇಕು. ಆ ಕಡೆ ನಾನು ಹೋಗ್ಲೇ ಇಲ್ಲ."

"ಈಗ ಬರುತ್ತಾ?"

"ಗೊತ್ತಿಲ್ಲ. ಟೈಮ್ ಹೋಗಿದೆ. ಆದ್ರೆ ಐವತ್ತೈದು ವರ್ಷ ಮಾಡಿದ ಕೆಲಸ ಅಂದ್ರಲ್ಲ, ಅದು ಕೈಗಿಂತ ತಲೇಲಿ ಜಾಸ್ತಿ ಇರುತ್ತೆ. ಅಜ್ಜೀನ ಕರ್ಕೊಂಡು ಬನ್ನಿ. ಹಿಟ್ಟೂ ತನ್ನಿ."

ಮನೆಗೆ ಹೋಗಿ ಅತ್ತೆಗೆ ಮೊದಲು ಲೇಡಿಯ ಕಥೆ ಹೇಳಿದೆ. ಅವರು ಬಹಳ ಗಮನವಿಟ್ಟು ಕೇಳಿದರು.

"ಅವರ ದೇಶದಾಗೂ ಹೆಂಗಸ್ರ ನಾದ್ತಾರೇನು?"

"ಹೂಂ."

"ಮತ್ತ ಬಡಿಯೋರ್ಯಾರು?"

"ಅವರು ಬಡಿಯಲ್ಲ ಅತ್ತೆ. ನಾದಿ ಒಲೆಗೆ ಇಡ್ತಾರೆ, ಅದೇ ಉಬ್ಬುತ್ತೆ."

"ಅಂದ್ರ ಅರ್ಧಾ ಕೆಲಸಕ್ಕ ಅಷ್ಟು ದೊಡ್ಡ ಹೆಸರೇನು!" ಎಂದು ಬಾಯಿಗೆ ಎಡಗೈ ಅಡ್ಡ ಹಿಡಿದು ನಕ್ಕರು. ಮಾಘದಿಂದ ಈಚೆಗೆ ಅವರು ನಕ್ಕದ್ದು ಅದೇ ಮೊದಲು. ಆ ನಗು ನೋಡಿ ನಾನು ಫಾರಂನ ವಿಷಯವನ್ನೂ ಬಾಯಿಬಿಟ್ಟು ಹೇಳಿ ತಪ್ಪಾಯಿತು ಎಂದೆ. ಅವರು, "ಹಿಟ್ಟು ಜರಡಿ ಹಿಡಿ. ನಾಳೆ ಒಯ್ಯೂದೈತಲ್ಲ" ಎಂದರು. ಆದರೆ ಪಂಚಮಿಗೆ ಹೋಗುವ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಮಗಳಿಗೆ ಫೋನಿನಲ್ಲಿ, ಬರುವಾಗ ದೊಡ್ಡ ಬ್ಯಾಗ್ ತಾ ಎಂದು ಹೇಳುವುದು ನನಗೆ ಕೇಳಿಸಿತು.

ಪಂಚಮಿಗೆ ಉಳಿದಿದ್ದ ಆ ಏಳು ವಾರ ನಾನು ನೋಡಿದ್ದನ್ನು ಹೇಗೆ ಹೇಳುವುದೋ ತಿಳಿಯದು. ಕ್ಲಿನಿಕ್ಕಿನ ಟೇಬಲ್ಲಿನ ಮೇಲೆ ಹಿಟ್ಟು ನಾದುವ ನಮ್ಮ ಅಗಲ ತಟ್ಟೆ, ಸ್ಟೀಲ್ ಪರಾತ. ಥೆರಪಿಸ್ಟ್ ಹುಡುಗಿ ಅತ್ತೆಯ ಬೆನ್ನ ಹಿಂದೆ ನಿಂತು, ಅವರ ಭುಜ, ತೋಳು, ಮಣಿಕಟ್ಟನ್ನು ಒತ್ತಿ ಒತ್ತಿ ಸಡಿಲಿಸುತ್ತಿದ್ದಳು. ಅತ್ತೆ ಆ ಕೈಯಿಂದ ಹಿಟ್ಟನ್ನು ಒತ್ತುತ್ತಿದ್ದರು. ಇವಳು ಅವರನ್ನು ನಾದುತ್ತಿದ್ದಳು, ಅವರು ಹಿಟ್ಟನ್ನು. ನಿಘಂಟಿನ ಸಣ್ಣ ಅಕ್ಷರದಲ್ಲಿ ಓದಿದ್ದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು, ನಾನು ಬಾಯಿ ತೆರೆದು ನೋಡುತ್ತಿದ್ದೆ. ಮೊದಲ ವಾರ ಹಿಟ್ಟು ಹಾಕಿದಂತೆಯೇ ಬಿದ್ದಿರುತ್ತಿತ್ತು. ಎರಡನೆಯ ವಾರ ಅತ್ತೆ ಪರಾತವನ್ನೇ ದೂಡಿ, "ಬ್ಯಾಡ, ಆಗೂದಿಲ್ಲ, ಅನ್ನ ಹಾಳ ಮಾಡಬ್ಯಾಡ್ರಿ" ಎಂದು ಕಣ್ಣೀರು ಹಾಕಿದರು. ಅನ್ನ ಹಾಳಾಗುವುದು ಅವರಿಗೆ ಕೈ ಹಾಳಾಗುವುದಕ್ಕಿಂತ ದೊಡ್ಡ ಪಾಪ. ಹಾಗಾಗಿ ನಾದಿದ್ದನ್ನೆಲ್ಲ ನಾವು ಮನೆಗೆ ತಂದು, ಹಲಗೆಯ ಗೊಡವೆಯಿಲ್ಲದೆ ನಾನು ಹಂಚಿನ ಮೇಲೇ ಒತ್ತಿದ ದಪ್ಪ ರೊಟ್ಟಿ ಮಾಡಿ ತಿಂದೆವು. ಅದನ್ನು ಅಗಿದು ಅಗಿದು ಯಜಮಾನರ ದವಡೆ ಊದಿತು, ಆದರೂ ಮನುಷ್ಯ ತುಟಿಪಿಟಕ್ ಎನ್ನಲಿಲ್ಲ.

ನಾಲ್ಕನೆಯ ವಾರವೋ ಐದನೆಯದೋ, ಅತ್ತೆ ನನ್ನ ಹತ್ತಿರ ಯಾವುದೋ ಸೊಪ್ಪಿನ ವಿಷಯ ಮಾತಾಡುತ್ತಿದ್ದರು. ಪುಂಡಿ ಸೊಪ್ಪು ಈ ಊರಲ್ಲಿ ಸಿಕ್ಕರೂ ಹುಳಿಯೇ ಇರುವುದಿಲ್ಲ ಎಂಬುದು ಅವರ ಹಳೆಯ ತಕರಾರು. ಮಾತಿನ ನಡುವೆ ಅಂಗೈಯ ಬುಡ ಮುಂದಕ್ಕೆ ಹೋಯಿತು, ಒತ್ತಿತು, ಹಿಂದಕ್ಕೆ ಬಂದು ಉಂಡೆಯನ್ನು ಮಡಚಿತು, ಮತ್ತೆ ಮುಂದಕ್ಕೆ ಹೋಯಿತು. ಅವರಿಗೆ ಗೊತ್ತೇ ಇಲ್ಲ. ಹುಡುಗಿ ನನ್ನ ಕೈ ಹಿಡಿದು, ಮಾತಾಡಿಸ್ತಾ ಇರಿ ಎಂದು ಕಣ್ಣಲ್ಲೇ ಹೇಳಿದಳು. ನಾನು ಪುಂಡಿ ಸೊಪ್ಪಿನ ಬಗ್ಗೆ ಜೀವಮಾನದಲ್ಲಿ ಕೇಳದಷ್ಟು ಪ್ರಶ್ನೆ ಕೇಳಿದೆ.

ರೊಟ್ಟಿ ಪಂಚಮಿ ಎಂದರೆ ನಾಗರ ಪಂಚಮಿಯ ಹಿಂದಿನ ದಿನ. ಹಬ್ಬದ ದಿನ ಒಲೆಯ ಮೇಲೆ ಹಂಚು ಇಡಬಾರದು ಎಂಬುದು ಅತ್ತೆಯ ಕಡೆಯ ನೇಮ. ಹಾಗಾಗಿ ಹಿಂದಿನ ದಿನವೇ ರಾಶಿ ರೊಟ್ಟಿ ಮಾಡಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಇಟ್ಟು ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಾರೆ. ನಮ್ಮ ಬಿಲ್ಡಿಂಗಿನಲ್ಲಿ ನಮ್ಮದು ಬಿಟ್ಟು ಹನ್ನೆರಡು ಮನೆ. ಹನ್ನೊಂದು ವರ್ಷ ಆ ಹನ್ನೆರಡು ಮನೆಗೂ ಅತ್ತೆಯ ರೊಟ್ಟಿ ಹೋಗಿತ್ತು.

ಆ ದಿನ ಬೆಳಿಗ್ಗೆ ರೈಲಿಳಿದು ನಾದಿನಿ ಬಂದಳು. ಹೇಳಿದ ಹಾಗೆ ದೊಡ್ಡ ಬ್ಯಾಗ್ ತಂದಿದ್ದಳು. ಖಾಲಿ ಬ್ಯಾಗು ಹಾಲಿನ ಮೂಲೆಯಲ್ಲಿ ಜೋತು ಬಿದ್ದಿತ್ತು. ಓಡಾಡುವಾಗೆಲ್ಲ ನನ್ನ ಕಣ್ಣು ಅದರ ಮೇಲೇ ಹೋಗುತ್ತಿತ್ತು. ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗ ಪೂಜೆ ಮುಗಿಸಿ ಅಡುಗೆಮನೆಗೆ ಬಂದು ಕೂತರು. ಎಸರು ಕುದಿಯಿತು. ಹಿಟ್ಟು ಕಲಸಿದರು. ನಾದಿದರು. ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ಆದರೆ ಅವರು ನಾದಿದ ಉಂಡೆ ನುಣ್ಣಗೆ ಬೆಣ್ಣೆಯಂತಿತ್ತು. ಆಮೇಲೆ ಹಲಗೆಗೆ ಹಿಟ್ಟು ಉದುರಿಸಿ ಬಡಿಯಲು ಕೈ ಎತ್ತಿದರು.

ಕೈ ಎತ್ತಿದಷ್ಟು ಹಗುರವಾಗಿ ಇಳಿಯಲಿಲ್ಲ. ದೊಪ್ಪೆಂದು ಬಿತ್ತು, ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದು ಹಲಗೆಗೆ ಅಂಟಿತು. ಒತ್ತುವ ಬಲ ಬಂದಿತ್ತು, ತಟ್ಟುವ ಹಗುರ ಬಂದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾದಿನಿ ತಡೆಯಲಾರದೆ ಒಳಗೆ ಬಂದು, ಸೆರಗು ಸಿಕ್ಕಿಸಿ, "ಅತ್ತಾಗ ಸರಿ ಯವ್ವಾ, ನಾ ಬಡಿತೇನಿ" ಎಂದಳು. ಅವಳ ರೊಟ್ಟಿ ತಾಯಿಯ ರೊಟ್ಟಿಯಷ್ಟೇ ತೆಳುವು. ಕೆಲಸ ಒಂದು ಗಂಟೆಯಲ್ಲಿ ಮುಗಿದುಹೋಗುತ್ತಿತ್ತು.

"ಹಿಟ್ಟು ಮುಟ್ಟಬ್ಯಾಡ ನೀ" ಎಂದರು ಅತ್ತೆ. "ಪಂಚಮಿಗೆ ತವರಿಗೆ ಬಂದಾಕಿ ಕೆಲಸ ಮಾಡ್ತಾಳೇನು? ಹೋಗಿ ಕುಂದ್ರು." ಆಮೇಲೆ ನನ್ನ ಕಡೆ ನೋಡಿದರು. ನಾದಿದ ಒಂದು ಉಂಡೆಯನ್ನು ನನ್ನ ಮುಂದೆ ತಳ್ಳಿದರು. "ಬಾ. ನಾ ನಾದ್ತೇನಿ, ನೀ ಬಡಿ."

ನಾನು ಬಡಿದೆ. ಇಪ್ಪತ್ತೈದು ವರ್ಷ ದೂರ ಇಟ್ಟಿದ್ದ ಹಲಗೆಯ ಮುಂದೆ, ರಿಟೈರ್ ಆಗುವ ವಯಸ್ಸಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಡಿದೆ. ಅತ್ತೆ ಬೈದರು. ಬೆರಳಿಂದಲ್ಲ, ಅಂಗೈಯಿಂದ. ಅಂಚು ನೋಡು, ನಡು ಬಿಡು. ಜಲ್ದಿ ತಿರುವು. ಇಪ್ಪತ್ತೆಂಟು ವರ್ಷ ಬೇರೆಯವರ ಮಕ್ಕಳಿಗೆ ಬೈದದ್ದೆಲ್ಲ ಬಡ್ಡಿಸಮೇತ ವಾಪಸು ಬಂತು. ನನ್ನ ರೊಟ್ಟಿಗಳ ಅಂಚು ನೀರಿನ ಪೈಪಿಗೆ ಅಗೆದುಬಿಟ್ಟ ನಮ್ಮ ರಸ್ತೆಯ ಹಾಗಿತ್ತು. ಆದರೆ ಹರಿಯಲಿಲ್ಲ. ಅಷ್ಟು ಚೆನ್ನಾಗಿ ನಾದಿದ ಹಿಟ್ಟು ನನ್ನಂಥವಳ ಕೈಯಲ್ಲೂ ಹರಿಯಲಾರದು ಎಂದು ಆಗ ಗೊತ್ತಾಯಿತು. ಮೊದಲನೆಯದು ಹಂಚಿನ ಮೇಲೆ ಉಬ್ಬಿದಾಗ ನಾನು ಎಳೆಯ ಹುಡುಗಿಯಂತೆ ಕೂಗಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ರೊಟ್ಟಿ. ಹನ್ನೆರಡು ಮನೆಗೂ ಹೋದವು. ಕೆಳಗಿನ ಮನೆಯ ಆಂಟಿ, "ಈ ಸಲ ಸ್ವಲ್ಪ ದಪ್ಪ ಇದೆ, ಯಾರು ಮಾಡಿದ್ದು?" ಎಂದು ಕೇಳಿದರು. ಇಬ್ಬರೂ ಕೂಡಿ ಎಂದೆ.

ನಾಗಪ್ಪನಿಗೆ ಹಾಲೆರೆದದ್ದಾಯಿತು, ಹಬ್ಬ ಮುಗಿಯಿತು. ಮೂರನೆಯ ದಿನ ಸಂಜೆ ನಾದಿನಿಯ ರೈಲು. ಊಟವಾದ ಮೇಲೆ ಅವಳು ಬ್ಯಾಗು ತೆಗೆದು ಮಂಚದ ಮೇಲಿಟ್ಟು, ಬೀರುವಿನಿಂದ ತಾಯಿಯ ಸೀರೆಗಳನ್ನು ಒಂದೊಂದಾಗಿ ಇಳಿಸಿ ಮಡಚತೊಡಗಿದಳು. ಯಜಮಾನರು ಬಾಗಿಲ ಬಳಿ ಬಂದು ನಿಂತರು. ಹೋಗಬೇಡಿ ಎಂದು ಕಾಲು ಹಿಡಿಯಲೂ ಸಿದ್ಧಳಿದ್ದೆ. ಆದರೆ ಮರ್ಯಾದೆಗೆ ಹೇಳಿದ ಮಾತಿನಿಂದಲೇ ಒಮ್ಮೆ ಅವರನ್ನು ನೋಯಿಸಿದ್ದೆನಲ್ಲ, ಇದನ್ನೂ ಅವರು ಮರ್ಯಾದೆಯ ಮಾತು ಎಂದುಕೊಂಡಾರು ಎಂಬ ಹೆದರಿಕೆ.

ಅತ್ತೆ ಎದ್ದು ಮಂಚದ ಹತ್ತಿರ ಹೋದರು. ಮಗಳು ಮಡಚಿಟ್ಟಿದ್ದ ಸೀರೆಗಳನ್ನು ಬಲಗೈಯಿಂದ ಎತ್ತಿ ಎದೆಗವಚಿಕೊಂಡು, ಬೀರುವಿಗೇ ವಾಪಸು ಇಟ್ಟರು.

"ಯವ್ವಾ, ಏನಿದು?" ಎಂದಳು ನಾದಿನಿ.

"ನಾನೂ ನಿನ್ನ ಜೋಡಿ ಬಂದುಬಿಟ್ರ, ಮುಂದಿನ ಪಂಚಮಿಗೆ ನೀ ಯಾರ ಮನಿಗೆ ಬರ್ತಿ?"

ನಾದಿನಿ ಖಾಲಿ ಬ್ಯಾಗಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ನಾನೂ ಅಳುತ್ತಿದ್ದೆ. ಅತ್ತೆ ಮಗಳ ಬೆನ್ನು ಸವರುತ್ತ ನನ್ನ ಕಡೆ ತಿರುಗಿದರು.

"ನೀ ಏನ್ ನಿಂತು ಅಳ್ತೀ? ರೈಲಿಗೆ ಹೊತ್ತಾತು. ಎಸರಿಡು, ನಾ ನಾದ್ತೇನಿ. ಆಕಿಗೆ ಬುತ್ತಿ ಕಟ್ಟೂನು."